ಸದ್ದು ಮಾಡದ ಬಾಗಿಲುಗಳ ಊರು

ಕೂತ್ಕೊಂಡ್ರಾ ಎಲ್ಲಾ? ಎಲೆ ಅಡಿಕೆ ಹಾಕೋರು ಹಾಕ್ಕೊಳ್ಳಿ, ಕೂಸು ಮಲಗಿಸೋರು ಮಲಗಿಸಿ. ಹೂಂ ಅನ್ನೋಕೆ ಒಬ್ಬರು ಮುಂದೆ ಬನ್ನಿ. ಹೂಂ ಅನ್ನೋರಿಲ್ಲದಿದ್ರೆ ನನ್ನ ಕಥೆ ಎದ್ದು ನಡೆಯೋದೇ ಇಲ್ಲ, ಬಹಳ ಸೋಮಾರಿ ಕಥೆ.

ಒಂದಾನೊಂದು ಸೀಮೆ. ಯಾವ ಸೀಮೆ ಅಂತ ಕೇಳಬೇಡಿ. ನಿಮ್ಮೂರು ಅಂದ್ರೆ ನೀವು ಜಗಳಕ್ಕೆ ಬರ್ತೀರಿ, ನಮ್ಮೂರು ಅಂದ್ರೆ ನಾಳೆಯಿಂದ ನನಗೆ ಯಾರೂ ಮುದ್ದೆ ಇಕ್ಕಲ್ಲ. ಮೂರು ಬೀದಿಯ ಊರು ಅಂತ ಇಟ್ಕೊಳ್ಳಿ, ಸಾಕು.

ಬೇರೆ ಊರಿನೋರು ನಮ್ಮ ಕೆರೆ ದೊಡ್ಡದು, ನಮ್ಮ ಹೋರಿ ದೊಡ್ಡದು ಅಂತ ಜಂಬ ಕೊಚ್ಚಿಕೊಳ್ತಾರಲ್ಲ, ಈ ಊರಿನೋರು ಬಾಗಿಲಿನ ಜಂಬ ಕೊಚ್ಚಿಕೊಳ್ಳೋರು. ಹೊರಗಿನ ಬಾಗಿಲಲ್ಲ, ಜಗಲಿಗೂ ನಡುಮನೆಗೂ ಮಧ್ಯೆ ಇರೋ ಬಾಗಿಲು. ಉಂಡಾದ ಮೇಲೆ ಗಂಡಸರೆಲ್ಲ ಜಗಲಿಯಲ್ಲಿ, ಹೆಂಗಸರೆಲ್ಲ ನಡುಮನೆಯಲ್ಲಿ. ಮಧ್ಯೆ ಕದ. ಹಾಕಿದ ಕದ ಕೋಳಿ ಕೂಗೋವರೆಗೂ ತೆಗೆಯಂಗಿಲ್ಲ. ಮದುವೆಯಾಗದೋರಿಗೂ ಅಷ್ಟೇ, ಮದುವೆಯಾದೋರಿಗೂ ಅಷ್ಟೇ.

ಹಂಗಾದ್ರೆ ಮಕ್ಕಳು? ಇದ್ವಪ್ಪಾ ಇದ್ವು, ಮೂರು ಬೀದಿ ತುಂಬ ಇದ್ವು. ಎಲ್ಲಿಂದ ಬಂದ್ವು ಅಂತ ನೀವು ಕೇಳಬೇಡಿ, ಆ ಊರಲ್ಲೂ ಯಾರೂ ಕೇಳ್ತಿರಲಿಲ್ಲ. ದೇವರು ಕೊಟ್ಟ ಅನ್ನೋರು. ಮನೆಗೆ ಏಳೇಳು ಎಂಟೆಂಟು ಕೊಟ್ಟಿದ್ದ. ಬಹಳ ಧಾರಾಳದ ದೇವರು.

ಈಗ ಕದದ ವಿಷಯ ಕೇಳಿ. ಆ ಕಾಲದ ಕದಕ್ಕೆ ಕಬ್ಬಿಣದ ಕೀಲು ಇರಲಿಲ್ಲ. ಕದದ ಬುಡ ಹೊಸ್ತಿಲ ಪಕ್ಕದ ಕಲ್ಲಿನ ಕುಳಿಯಲ್ಲಿ ಕೂತು ತಿರುಗೋದು. ಮರಕ್ಕೂ ಕಲ್ಲಿಗೂ ಉಜ್ಜಾಟ. ಕಿರ್ರೋ ಅಂತ ಬೀದಿಗೆಲ್ಲ ಕೇಳೋ ಹಾಗೆ ಅರಚೋದು. ಆದರೆ ಈ ಊರಿನ ಕದಗಳು ಮಾತ್ರ ತುಟಿ ಪಿಟಕ್ ಅಂತಿರಲಿಲ್ಲ. ಶೀಲವಂತರ ಮನೆ, ಅದಕ್ಕೇ ದೇವರು ಕದದ ಬಾಯಿ ಕಟ್ಟವ್ನೆ ಅಂತ ಊರು ನಂಬಿತ್ತು. ಪಕ್ಕದ ಮನೆಗೆ ಹೋದೋರು ಕದ ಮೆಲ್ಲಗೆ ತಳ್ಳಿ ನೋಡೋರು, ಸದ್ದಿಲ್ಲ ಅಂದ್ರೆ ಕೈ ಮುಗಿಯೋರು.

ಊರ ಯಜಮಾನ ಮುದ್ದೇಗೌಡ. ಅವನ ಮೀಸೆಯೇ ಅರ್ಧ ನ್ಯಾಯ ಹೇಳೋದು. ಅವನ ತಾತನ ಕಾಲದಿಂದ ಒಂದು ಕಟ್ಟಳೆ ಇತ್ತು. ರಾತ್ರಿ ಹೊತ್ತು ಯಾರ ಮನೆ ಕದ ಮೂರು ಸಲ ಕಿರ್ ಅಂತದೋ, ಆ ಮನೆ ಸೊಸೆ ತವರಿಗೆ. ಗಂಡಿಗೇನು ಶಿಕ್ಷೆ ಅಂತೀರಾ? ಗಂಡಿಗೆ ಇನ್ನೊಂದು ಮದುವೆ. ನಗಬೇಡ್ರವ್ವ, ಕಟ್ಟಳೆ ಮಾಡಿದೋರು ಯಾರು ಅಂತ ನಿಮಗೇ ಗೊತ್ತಲ್ಲ.

ಇಂಥಾ ಊರಿಗೆ ಗುಡ್ಡದ ಆಚೆಯಿಂದ ಸೊಸೆಯಾಗಿ ಬಂದಳು ದೇವೀರಿ.

ಗುಡ್ಡದ ಆಚೆ ಊರೇ ಬೇರೆ, ರೀತಿಯೇ ಬೇರೆ. ಅಲ್ಲಿ ಮದುವೆಗೆ ಒಂದು ವಾರ ಇದ್ದಂಗೆ ಅಜ್ಜಿಯರು ಹೆಣ್ಣನ್ನ ನಡುವೆ ಕೂರಿಸಿಕೊಳ್ಳೋರು. ಗಂಡು ಅಂದ್ರೇನು, ಹೆಣ್ಣು ಅಂದ್ರೇನು, ಯಾವುದಕ್ಕೆ ಹೂಂ ಅನ್ನಬೇಕು, ಯಾವುದಕ್ಕೆ ಊಹೂಂ ಅನ್ನಬಹುದು, ಎಲ್ಲಾ ಬಿಡಿಸಿ ಹೇಳೋರು. ಹೇಳ್ತಾ ಹೇಳ್ತಾ ಅಜ್ಜಿಯರಿಗೇ ನಗು ತಡೆಯದೆ ಕೆಮ್ಮು ಬರೋದು. ಹಂಗಂತ ಅದು ನಾಚಿಕೆ ಇಲ್ಲದ ಊರು ಅಂದ್ಕೋಬೇಡಿ. ಅಲ್ಲಿಯ ನಾಚಿಕೆ ಊಟದಲ್ಲಿತ್ತು. ಹೆಣ್ಣುಮಕ್ಕಳು ಇನ್ನೊಬ್ಬರ ಎದುರಿಗೆ ಬಾಯಿ ಆಡಿಸಂಗಿಲ್ಲ, ಗೋಡೆ ಕಡೆ ತಿರುಗಿ ಸೆರಗು ಮರೆ ಮಾಡಿ ಉಣ್ಣಬೇಕು. ದೇವೀರಿ ಗಂಡನ ಮನೆಗೆ ಬಂದ ದಿನ ಬೀದಿ ಹೆಂಗಸರು ಜಗಲಿ ಮೇಲೆ ಕೂತು ಕಾಲು ಚಾಚಿ ಪುರಿ ಮುಕ್ಕೋದನ್ನ ನೋಡಿ, ಶಿವನೇ, ಎಂಥಾ ಮಾನಗೆಟ್ಟ ಊರಿಗೆ ಕೊಟ್ಟರಪ್ಪಾ ಅಂತ ಕಿವಿ ತನಕ ಕೆಂಪಾದಳು.

ಗಂಡ ಹೊಂಬಾಳ. ಒಳ್ಳೆ ಹುಡುಗ. ಗುದ್ದಲಿ ಹಿಡಿದ್ರೆ ಹುಲಿ, ಹೆಂಡತಿ ಎದುರು ಬಂದ್ರೆ ಇಲಿ. ಅತ್ತೆ ಕೆಂಚಮ್ಮ. ಗಂಡ ತೀರಿಕೊಂಡು ಎಂಟು ವರ್ಷ, ಅವಳ ಮನೆ ಕದ ಹಗಲಲ್ಲಿ ಕಿರ್ ಅಂದ್ರೂ ಯಾರೂ ತಪ್ಪು ಹಿಡೀತಿರಲಿಲ್ಲ. ಮಾತು ಕಮ್ಮಿ, ಕೆಮ್ಮು ಜಾಸ್ತಿ. ಸೊಸೆಯ ಚಾಪೆ ಪಕ್ಕದಲ್ಲೇ ತನ್ನ ಚಾಪೆ ಹಾಸೋಳು.

ಒಂದು ತಿಂಗಳಾಯ್ತು, ಗಂಡ ಜಗಲಿಯಲ್ಲಿ. ಎರಡು ತಿಂಗಳಾಯ್ತು, ಗಂಡ ಜಗಲಿಯಲ್ಲೇ. ಮೂರನೇ ತಿಂಗಳು ಬಂತು, ದೇವೀರಿಗೆ ಅಳು ಬಂತು. ಅಜ್ಜಿಯರು ಅಷ್ಟೆಲ್ಲ ಹೇಳಿಕೊಟ್ಟಿದ್ದರು, ಗಂಡ ಜಗಲಿ ಬಿಟ್ಟು ಏಳದಿದ್ರೆ ಏನು ಮಾಡಬೇಕು ಅಂತ ಹೇಳಿರಲಿಲ್ಲ. ನಾನು ಕುರೂಪಿಯಾ? ನನ್ನ ಮೈ ವಾಸನೆಯಾ? ಇವನಿಗೆ ನಾನು ಬೇಡವಾ? ಯಾರನ್ನ ಕೇಳ್ತಾಳೆ, ಪಾಪ.

ಒಂದಿನ ಹೊಲದಲ್ಲಿ ಬುತ್ತಿ ಇಳಿಸಿದೋಳೇ ಕೇಳಿಬಿಟ್ಟಳು, "ನಾನು ನಿಮಗೆ ಬೇಡವಾ? ಬೇಡ ಅಂದ್ರೆ ಹೇಳಿಬಿಡಿ, ಗುಡ್ಡ ಹತ್ತಿ ಹೋಯ್ತೀನಿ."

ಹೊಂಬಾಳನ ಕೈಯಲ್ಲಿದ್ದ ಮುದ್ದೆ ಕೈಯಲ್ಲೇ ಉಳೀತು. "ಅಯ್ಯೋ, ಹಂಗನ್ಬೇಡ ಕಣಮ್ಮಿ. ನಿನ್ನ ಬಳೆ ಸದ್ದು ಕೇಳ್ಕೊಂಡು ರಾತ್ರಿಯೆಲ್ಲ ಕಣ್ಣು ಬಿಟ್ಕೊಂಡೇ ಇರ್ತೀನಿ."

"ಮತ್ತೆ ಬರೋಕೇನು ದಾಡಿ?"

"ಕದ ಐತಲ್ಲ!"

"ಕದ ಇರೋದು ತೆಗೆಯೋಕಲ್ವಾ?"

ಹೊಂಬಾಳ ಈ ಮಾತನ್ನ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಬಾಯಿ ತೆರೆದು ಹೆಂಡತಿ ಮುಖವನ್ನೇ ನೋಡ್ತಾ ಕೂತ. ಆಮೇಲೆ ಮೆಲ್ಲಗೆ ನಕ್ಕ. ಆ ನಗು ನೋಡಿ ದೇವೀರಿಗೆ ಮೂರು ತಿಂಗಳ ಸಂಕಟ ಇಳಿದುಹೋಯ್ತು.

ಆ ರಾತ್ರಿ ಇವಳು ಒಳಗಿಂದ ಕದ ಎಳೆದಳು. ಕಿರ್ರ್ರೋ! ಕೆಂಚಮ್ಮ ಕೆಮ್ಮಿದಳು. ಇವಳು ಚಾಪೆಗೆ ಬಿದ್ದಳು, ಅವನು ಕಂಬಳಿಯೊಳಗೆ ಸೇರಿದ. ಬೆಳಗ್ಗೆ ಬೀದಿಯೋರು, ಏನವ್ವ ಅದು ಸದ್ದು ಅಂದ್ರೆ, ಬೆಕ್ಕು ಅಂದಳು ದೇವೀರಿ. ಎರಡನೇ ಸಲ, ಕಿರ್ರ್ರೋ! ಕೆಂಚಮ್ಮ ಎರಡು ಸಲ ಕೆಮ್ಮಿದಳು. ಬೆಳಗ್ಗೆ ಕೇಳಿದೋರಿಗೆ ಗಾಳಿ ಅಂದಳು ದೇವೀರಿ. ಎಲೆ ಅಲ್ಲಾಡದ ರಾತ್ರಿ ಅದು! ಮೂರನೇ ಸಲ, ಕಿರ್ರ್ರೋ! ಕೆಂಚಮ್ಮ ಕೆಮ್ಮಲೇ ಇಲ್ಲ. ಇವರೂ ಹಿಂದಕ್ಕೆ ಹೋಗಲಿಲ್ಲ. ಮನೆಯಲ್ಲಿ ಕಣಜದ ಕೋಣೆ ಅಂತ ಒಂದಿತ್ತು. ಮುಂದಿನದನ್ನ ನಾನು ಹೇಳಲ್ಲ, ನಾನು ಅಲ್ಲಿರಲಿಲ್ಲ.

ಹಾಂ, ಒಂದು ಮಾತು ಬಿಟ್ಟೆ. ಅದಕ್ಕೆ ನಾಲ್ಕು ದಿನ ಮುಂಚೆ ಗಾಣದ ಈರಮ್ಮ ಬಂದಿದ್ದಳು. ಸೀಮೆಯೆಲ್ಲ ತಿರುಗಿ ಮನೆಮನೆಗೆ ಎಣ್ಣೆ ಹಾಕೋ ಮುದುಕಿ. ಈ ಊರಲ್ಲಿ ಹರಳೆಣ್ಣೆ ಹೋದಷ್ಟು ಬೇರೆಲ್ಲೂ ಹೋಗ್ತಿರಲಿಲ್ಲ. ಒಬ್ಬಳು ತಲೆಗೆ ಅನ್ನೋಳು, ಒಬ್ಬಳು ದೇವರ ದೀಪಕ್ಕೆ ಅನ್ನೋಳು, ಒಬ್ಬಳು ಮಂಡಿನೋವಿಗೆ ಅನ್ನೋಳು. ಈರಮ್ಮ ಹೂಂ ಹೂಂ ಅಂತ ಹಾಕಿ ಹೋಗೋಳು.

"ಹರಳೆಣ್ಣೆ ಬೇಡ್ವಾ ಮಗಾ?" ಅಂದಿದ್ದಳು ದೇವೀರಿಗೆ.

"ತಲೆಗೆ ಹಚ್ಚೋಕೆ ಐತೆ ಅಜ್ಜಿ."

"ತಲೆಗಲ್ಲ ಕಣೆ."

"ದೀಪಕ್ಕೂ ಐತೆ."

"ದೀಪಕ್ಕೂ ಅಲ್ಲ ಕಣೆ."

"ಮಂಡಿ ಗಟ್ಟಿಯಾಗೈತಜ್ಜಿ, ನೋವೇನಿಲ್ಲ."

ಈರಮ್ಮ ಅವಳ ಮುಖ ನೋಡಿ, ಕದ ನೋಡಿ, ನಿಟ್ಟುಸಿರು ಬಿಟ್ಟು ಎಣ್ಣೆ ಬುಟ್ಟಿ ಹೊತ್ತು ಹೋಗಿದ್ದಳು. ಇನ್ನೂ ಬಿಡಿಸಿ ಹೇಳೋ ಹಾಗಿರಲಿಲ್ಲ, ಒಂದು ಮನೆ ಗುಟ್ಟು ಇನ್ನೊಂದು ಮನೆಗೆ ಹಾಕಿದೋಳಿಗೆ ಎಣ್ಣೆ ಮಾರೋಕಾಗ್ತದಾ? ನಿಮ್ಮಲ್ಲಿ ಯಾರಿಗೋ ಆಗಲೇ ಅರ್ಥ ಆಗಿರೋ ಹಾಗಿದೆ. ಆಗಿದ್ರೆ ಬಾಯಿ ಮುಚ್ಚಿಕೊಂಡು ಕೂತಿರಿ. ದೇವೀರಿಗೆ ಇನ್ನೂ ಆಗಿಲ್ಲ.

ಮೂರನೇ ಕಿರ್ ಆದ ಬೆಳಗ್ಗೆ ದೇವೀರಿ ಎದ್ದು ಮುಖ ತೊಳೆದು ಹಾಡು ಗುನುಗ್ತಾ ಅಂಗಳ ಸಾರಿಸ್ತಿದ್ದಾಳೆ, ಚಾವಡಿಯಿಂದ ತಳವಾರ ಬಂದ. "ನಡಿಯವ್ವ, ಗೌಡ್ರು ಕರೀತಾವ್ರೆ. ನಿಮ್ಮತ್ತೆ ದೂರು ಹೇಳವ್ಳೆ."

ಅತ್ತೆ! ದೇವೀರಿ ಕೈಯಿಂದ ಸಗಣಿ ಬುಟ್ಟಿ ಜಾರಿತು. ಬೀದಿಯೋರು ಹೇಳಿದ್ರೆ ಸೈ, ಚಾಪೆ ಪಕ್ಕ ಚಾಪೆ ಹಾಸಿ ಮಲಗೋ ಅತ್ತೆಯೇ ಹೇಳೋದಾ?

ಚಾವಡಿ ಮುಂದೆ ಮೂರು ಬೀದಿಯೂ ನೆರೆದಿತ್ತು. ಬೇರೆ ದಿನ ಕರೆದ್ರೂ ಬಾರದೋರೆಲ್ಲ ಬಂದಿದ್ದರು. ಕೆಂಚಮ್ಮ ಒಂದು ಕಂಬಕ್ಕೆ ಒರಗಿ ನೆಲ ನೋಡ್ತಿದ್ದಳು. ಹೊಂಬಾಳ ಇನ್ನೊಂದು ಕಂಬದ ಹಿಂದೆ ಅರ್ಧ ಕಾಣ್ತಿದ್ದ.

ಮುದ್ದೇಗೌಡ ಮೀಸೆ ನೀವಿದ. "ಕದ ಕಿರ್ ಅಂದದ್ದು ಹೌದೇನಮ್ಮ?"

"ಹೌದು."

"ಮೂರು ಸಲ?"

"ಮೂರು ಸಲ."

"ತೆಗೆದೋಳು ನೀನೇಯಾ?"

"ನಾನೇ. ನನ್ನ ಗಂಡನ್ನ ನಾನು ಒಳಕ್ಕೆ ಕರೆದೆ. ಕಂಡೋರ ಗಂಡನ್ನಲ್ಲ."

ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಂಡರು. ಕಿವಿ ಮುಚ್ಚಿದ್ದು ನಿಜ, ಬೆರಳ ಸಂದಿ ಬಿಟ್ಟದ್ದೂ ನಿಜ.

"ಕಟ್ಟಳೆ ಗೊತ್ತಲ್ಲ? ಇವತ್ತು ಹೊತ್ತು ಮುಳುಗೋದ್ರೊಳಗೆ ತವರಿಗೆ ಹೊರಡು" ಅಂದ ಗೌಡ.

ದೇವೀರಿ ಹೊಂಬಾಳನ ಕಡೆ ನೋಡಿದಳು. ಒಂದು ಸಲ ನೋಡಿದಳು, ಅವನು ತಲೆ ತಗ್ಗಿಸಿದ. ಎರಡನೇ ಸಲ ನೋಡಿದಳು, ಅವನು ಕಂಬ ಕೆರೆದ. ಹೋಗೋದೇ ಆದ್ರೆ ಹೋಗ್ತೀನಿ, ಈ ಗಂಡಿನ ಬಾಯಿಂದ ಒಂದೇ ಒಂದು ಮಾತು ಬರಬಾರದಾ ಅನ್ನಿಸ್ತು. ಮೂರನೇ ಸಲ ಅವಳು ನೋಡಲೇ ಇಲ್ಲ, ತಿರುಗಿ ನಡೆದಳು.

ಆಗ ಕಂಬದ ಹಿಂದಿನಿಂದ ಬಂತು ದನಿ. "ಕದ ತೆಗೆದಿದ್ದು ನಾನೂವೇ."

"ಏನಂದೆಯೋ?"

ಹೊಂಬಾಳ ಪೂರ್ತಿ ಹೊರಗೆ ಬಂದ. "ಅವಳು ಒಳಗಿಂದ ಎಳೆದಳು, ನಾನು ಹೊರಗಿಂದ ನೂಕಿದೆ. ಒಬ್ಬರ ಕೈಲಿ ಆಗೋ ಕದ ಅಲ್ಲ ಅದು ಗೌಡ್ರೆ, ಭಾರ ಐತೆ. ಅವಳು ಹೋದ್ರೆ ನಾನೂ ಹೋಯ್ತೀನಿ, ಗುಡ್ಡದ ಆಚೆಯೂ ಗುದ್ದಲಿ ಕೆಲಸ ಇದ್ದೇ ಇರ್ತದೆ."

ದೇವೀರಿ ಕಣ್ಣು ತುಂಬಿ ಬಂತು. ಆದರೆ ಗೌಡ ಕೆಂಡವಾದ. ಗಂಡಸೊಬ್ಬ ಇಂಥಾ ಮಾತನ್ನ ಚಾವಡಿಯಲ್ಲಿ ಆಡಿದ್ದು ಊರು ಹುಟ್ಟಿದ ಮೇಲೆ ಇದೇ ಮೊದಲು.

"ಮಾನ ಮರ್ಯಾದೆ ಅಂದ್ರೆ ಏನು ಅಂತ ಗೊತ್ತಿಲ್ಲ ನಿಮಗೆ! ಬನ್ನಿ, ತೋರಿಸ್ತೀನಿ. ನನ್ನ ಮನೆ ಕದ ನೋಡಿ. ಮೂವತ್ತು ವರ್ಷದಿಂದ ಕಿಮಕ್ ಅಂದಿಲ್ಲ!"

ಹೊರಟಿತು ಮೆರವಣಿಗೆ. ಮುಂದೆ ಗೌಡ, ಹಿಂದೆ ದೇವೀರಿ, ಅವಳ ಹಿಂದೆ ಮೂರು ಬೀದಿ. ಗೌಡನ ಹೆಂಡತಿ ಲಕ್ಕಮ್ಮ ಮೊರ ಹಿಡಿದು ಅಕ್ಕಿ ಕೇರ್ತಿದ್ದೋಳು ಎದ್ದು ನಿಂತಳು. ಗೌಡ ಕದ ತಳ್ಳಿದ. ಸದ್ದಿಲ್ಲ. ಎಳೆದ. ಸದ್ದಿಲ್ಲ. ಮತ್ತೆ ತಳ್ಳಿದ. ಬೆಣ್ಣೆಯಲ್ಲಿ ಚಾಕು ಹೋದಂಗೆ ಹೋಯ್ತು. ಊರೆಲ್ಲ ಕೈ ಮುಗಿಯಿತು.

"ನೋಡಿದೆಯಾ? ಶೀಲ ಅಂದ್ರೆ ಇದು!"

ದೇವೀರಿ ನೋಡಿದಳು. ಅವಳಪ್ಪನ ಮನೆಯಲ್ಲಿ ಗಾಡಿ ಇತ್ತು. ಮರ ಮರವನ್ನ ಉಜ್ಜಿದ್ರೆ ಏನಾಗ್ತದೆ, ಏನು ಹಾಕಿದ್ರೆ ಸುಮ್ಮನಾಗ್ತದೆ ಅಂತ ಅವಳು ಲಂಗ ಉಡೋ ಕಾಲದಿಂದ ಬಲ್ಲಳು. ಬಗ್ಗಿದಳು. ಹೊಸ್ತಿಲ ಪಕ್ಕದ ಕುಳಿಗೆ ಬೆರಳು ಹಾಕಿದಳು. ಬೆರಳು ಎತ್ತಿದಳು. ಜಿಡ್ಡು ಮಣಿಕಟ್ಟಿನ ತನಕ ಇಳೀತು.

"ಗೌಡ್ರೆ, ನಿಮ್ಮ ಮನೆ ಶೀಲ ಹರಳೆಣ್ಣೆ ವಾಸನೆ ಹೊಡೀತೈತಲ್ಲ?"

ಗೌಡ ಲಕ್ಕಮ್ಮನ ಮುಖ ನೋಡಿದ. ಲಕ್ಕಮ್ಮ, "ನನ್ನ... ನನ್ನ ಮಂಡಿನೋವಿಗೆ ತಂದದ್ದು, ಚೆಲ್ಲಿಬಿಡ್ತು" ಅಂದಳು.

"ಹಗಲು ಹೊತ್ತು ಕದ ಕಿರ್ ಅಂದ್ರೆ ಈ ಊರಲ್ಲಿ ತಪ್ಪಿಲ್ಲ" ಅಂದಳು ದೇವೀರಿ. "ರಾತ್ರಿ ಅದನ್ನ ತೆಗೆಯೋರೇ ಇಲ್ಲ ಅಂತೀರಿ. ಮತ್ತೆ ಎಣ್ಣೆ ಯಾತಕ್ಕೆ? ನನಗಂತೂ ಅರ್ಥ ಆಗ್ಲಿಲ್ಲ. ಇರಲಿ, ಇನ್ನೊಂದು ಮನೆ ನೋಡುವಾ. ಪಕ್ಕದ್ದು ಯಾರದು?"

ಪಕ್ಕದ ಮನೆಯವಳಿಗೆ ಆಗಲೇ ಒಲೆ ಮೇಲಿಟ್ಟ ಹಾಲು ನೆನಪಾಯ್ತು. ಅವಳಾಚೆ ಇದ್ದೋನಿಗೆ ಎಮ್ಮೆ ಬಿಚ್ಚಿಕೊಂಡಿರಬಹುದು ಅನ್ನಿಸ್ತು. ಪೂಜಾರಿಗೆ ದೇವರ ಮುಂದೆ ದೀಪ ನಂದಿರಬಹುದು ಅನ್ನಿಸ್ತು. ಒಬ್ಬರ ಹಿಂದೆ ಒಬ್ಬರು ಮೆಲ್ಲಗೆ ಜಾರಿದರು. ಬೀದಿ ತಿರುವು ದಾಟಿದ್ದೇ ತಡ, ಓಟ! ಎಪ್ಪತ್ತು ದಾಟಿದ ಗಂಡ ಹೆಂಡತಿ ಕೂಡ ಕೋಲು ಊರಿಕೊಂಡು ಓಡಿದರು ಅಂದ್ರೆ ನೀವು ನಂಬಲ್ಲ. ನಂಬಿ, ನಾನೇನು ಸುಳ್ಳು ಹೇಳ್ತೀನಾ?

ಮನೆ ಸೇರಿದೋರೇ ಕದ ಎತ್ತಿ ಕುಳಿಗೆ ಒಲೆಬೂದಿ ಹಾಕಿ ಉಜ್ಜಿದರು. ಹುಣಸೆಹಣ್ಣು ಹಾಕಿ ತಿಕ್ಕಿದರು. ಬಟ್ಟೆ ತುರುಕಿ ಒರೆಸಿದರು. ಎಣ್ಣೆ ಹೋಯ್ತಾ ಅಂತ ಕದ ತಳ್ಳಿ ನೋಡಿದರು.

ಗೌಡನ ಮನೆ ಮುಂದೆ ಉಳಿದವರು ಬೆರಳೆಣಿಕೆ ಜನ. ಅವರ ಕಿವಿಗೆ ಮೊದಲು ಮೇಲಿನ ಬೀದಿಯಿಂದ ಬಂತು, ಕಿರ್ರೋ! ಆಮೇಲೆ ನಡುಬೀದಿಯಿಂದ, ಕಿರ್ರೋ! ಆಮೇಲೆ ಕೆಳಗಿನ ಬೀದಿಯಿಂದ, ಕಿರ್ರೋ ಕಿರ್ರೋ! ಮಟಮಟ ಮಧ್ಯಾಹ್ನದಲ್ಲಿ ಮೂರು ಬೀದಿಯ ಮನೆಗಳೂ ಒಟ್ಟಿಗೆ ಅರಚಿದವು. ಕೆರೆ ಏರಿ ಮೇಲಿನ ಕಾಗೆಗಳೆಲ್ಲ ಎದ್ದು ಹಾರಿಹೋದವು.

ಆಗ ಗೌಡನಿಗೆ ಆಯ್ತು ಜ್ಞಾನೋದಯ. ಕಂಬ ಹಿಡಿದು ಮೆಲ್ಲಗೆ ಕೂತ. ಮೀಸೆ ಇಳಿಬಿದ್ದಿತ್ತು, ಮುಖ ಮಾತ್ರ ಜ್ವರ ಬಿಟ್ಟೋನ ಮುಖದಂಗೆ ಹಗುರಾಗಿತ್ತು.

"ಲಕ್ಕೂ, ಎಲ್ಲರ ಮನೆಯಲ್ಲೂ ಹಿಂಗೇಯಾ? ಮೂವತ್ತು ವರ್ಷದಿಂದ ಊರಿಗೆಲ್ಲ ನಾನೊಬ್ಬನೇ ಪಾಪಿ ಅಂದ್ಕೊಂಡಿದ್ದೆ ಕಣೇ!"

"ಒಬ್ಬರೇ ಹೆಂಗಾಯ್ತೀರಿ?" ಅಂದಳು ಲಕ್ಕಮ್ಮ. "ನಾನಿರಲಿಲ್ವಾ ಜೊತೆಗೆ?"

ದೇವೀರಿ ಫಕ್ಕನೆ ನಕ್ಕಳು. ಹೊಂಬಾಳನೂ ನಕ್ಕ. ಗೌಡನೂ ತಡೆದು ತಡೆದು ಕೊನೆಗೆ ನಕ್ಕುಬಿಟ್ಟ. ನೋಡಿ, ತಮಾಷೆ ಏನಂದ್ರೆ, ಆ ಊರಲ್ಲಿ ಪ್ರತಿ ಗಂಡ ಹೆಂಡಿರೂ ಹಂಗೇ ಅಂದ್ಕೊಂಡಿದ್ದರು. ಬೇರೆಯೋರ ಕದ ಶೀಲದಿಂದ ಸುಮ್ಮನೈತೆ, ನಮ್ಮದೊಂದೇ ಎಣ್ಣೆಯಿಂದ ಸುಮ್ಮನೈತೆ ಅಂತ. ಅಪ್ಪ ಮಗನಿಗೆ ಹೇಳಲಿಲ್ಲ, ತಾಯಿ ಮಗಳಿಗೆ ಹೇಳಲಿಲ್ಲ, ಗೆಳತಿ ಗೆಳತಿಗೆ ಹೇಳಲಿಲ್ಲ. ಒಂದೊಂದು ಜೋಡಿಯೂ ತಿಂಗಳುಗಟ್ಟಲೆ ಒದ್ದಾಡಿ, ಹೆದರಿ, ಅತ್ತು, ಕೊನೆಗೆ ತಾನೇ ಹೊಸದಾಗಿ ಎಣ್ಣೆ ಕಂಡುಹಿಡಿಯೋದು. ಗೊತ್ತಿದ್ದೋಳು ಈರಮ್ಮ ಒಬ್ಬಳೇ, ಅವಳು ಬಾಯಿ ಬಿಡೋಳಲ್ಲ.

ಎಲ್ಲರೂ ನಕ್ಕರು, ಕೆಂಚಮ್ಮ ನಗಲಿಲ್ಲ. ಗೋಡೆ ಪಕ್ಕ ನಿಂತೇ ಇದ್ದಳು. ಮನೆಗೆ ಓಡೋಕೆ ಅವಳಿಗೆ ಕಾರಣ ಇರಲಿಲ್ಲ, ಒರೆಸೋಕೆ ಅವಳ ಕದದಲ್ಲಿ ಎಣ್ಣೆ ಇರಲಿಲ್ಲವಲ್ಲ.

ಗೌಡ ಅವಳ ಕಡೆ ತಿರುಗಿದ. "ಕೆಂಚಮ್ಮ, ಊರಿಗೆಲ್ಲ ನಿನ್ನ ಮನೆ ಕದ ಒಂದೇ ಎಣ್ಣೆ ಕಾಣದ್ದು. ಕಟ್ಟಳೆ ಪ್ರಕಾರ ನಡೆದೋಳು ನೀನೊಬ್ಬಳೇ ಆದೆ. ದೂರು ಕೊಟ್ಟೋಳೂ ನೀನೇ. ಏನಂತೀಯ, ನೀನೇ ಹೇಳು. ಸೊಸೆ ಇರಲೋ, ಹೋಗಲೋ?"

ದೇವೀರಿ ನಗು ಬಿಟ್ಟು ಅತ್ತೆಯ ಕಡೆ ತಿರುಗಿದಳು. ಬಾಳು ಪೂರ್ತಿ ಅತ್ತೆಯ ನಾಲಗೆ ತುದಿಗೆ ಬಂದು ಕೂತಿತ್ತು.

ಕೆಂಚಮ್ಮ ಗೋಡೆ ಬಿಟ್ಟು ಮುಂದೆ ಬಂದಳು. ಆಮೇಲೆ ಗೌಡನಿಗಲ್ಲ, ಸೊಸೆಗೆ ಹೇಳಿದಳು. "ನಿಮ್ಮ ಮಾವ ಇದ್ದಾಗ ನಮ್ಮ ಕದವೂ ಉಸಿರೆತ್ತುತಿರಲಿಲ್ಲ ಕಣವ್ವ. ಕುಳಿಗೆ ಎಣ್ಣೆ ಬಿಡ್ತಿದ್ದೋರು ಅವರೇ. ಅವರು ಹೋದ ಮೇಲೆ ಎಂಟು ವರ್ಷ ಆ ಕಡೆ ಕೈ ಹೋಗಲಿಲ್ಲ, ಒಣಗ್ತು. ನೀನು ಮೊದಲ ಸಲ ಕದ ತೆಗೆದ ದಿನ ಅವರೇ ಬಂದ್ರು ಅಂತ ನಾನು ನಿದ್ದೆಗಣ್ಣಲ್ಲಿ ಎದ್ದು ಕೂತೆ. ಎರಡನೇ ಸಲವೂ ಎದ್ದೆ. ಮೂರನೇ ಸಲ ಏಳಲಿಲ್ಲ, ಅಳು ಬಂತು. ಬೆಳಗ್ಗೆ ನೀನು ಹಾಡು ಹೇಳ್ಕೊಂಡು ಅಂಗಳ ಸಾರಿಸ್ತಿದ್ದೆ. ನನಗೆ ತಡೆಯೋಕಾಗಲಿಲ್ಲ, ಬಂದು ದೂರು ಹೇಳ್ಬಿಟ್ಟೆ. ಮಾನ ಹೋಯ್ತು ಅಂತ ಅಲ್ಲ ಕಣೆ. ಹೊಟ್ಟೆ ಉರೀತು."

ಲಕ್ಕಮ್ಮನ ಕೈಯ ಮೊರ ಕೆಳಕ್ಕಿಳಿಯಿತು. ದೇವೀರಿ ಹೋಗಿ ಅತ್ತೆಯ ಕೈ ಹಿಡಿದಳು. ಜಿಡ್ಡಿನ ಕೈ ಅಂತ ಇಬ್ಬರಿಗೂ ನೆನಪಿರಲಿಲ್ಲ.

"ಮನೆಗೆ ಹೋಗಿ ಮೊದಲು ಆ ಕುಳಿಗೆ ಎಣ್ಣೆ ಬಿಡ್ತೀನಿ ಅತ್ತೆಮ್ಮ, ನಿಮಗೆ ಎಚ್ಚರ ಆಗದಂಗೆ" ಅಂದಳು.

"ಬೇಡ" ಅಂದಳು ಕೆಂಚಮ್ಮ. "ಕಿರ್ ಅನ್ನಲಿ ಬಿಡು. ನನ್ನ ಚಾಪೆ ನಾನು ಅಡುಗೆಮನೆಗೆ ಹಾಕ್ಕೋತೀನಿ. ಸದ್ದು ಕೇಳಿದಾಗ ಮನೆಯಲ್ಲಿ ಜನ ಅವ್ರೆ ಅನ್ಕೋತೀನಿ."

ಇಷ್ಟೇ ಕಣ್ರಪ್ಪ. ಕಟ್ಟಳೆ ಏನಾಯ್ತು ಅಂದ್ರೆ, ಅದನ್ನ ಯಾರೂ ತೆಗೆದುಹಾಕಲಿಲ್ಲ, ಯಾರೂ ಎತ್ತಲೂ ಇಲ್ಲ. ಸೊಸೆ ಗಂಡನ ಮನೆಯಲ್ಲೇ ಉಳಿದಳು, ಮಾತು ಚಾವಡಿಯಲ್ಲೇ ಉಳಿಯಿತು, ಕಥೆ ನನ್ನ ಹತ್ತಿರ ಬಂತು. ನನ್ನದು ಹೇಳಿದ್ದಾಯ್ತು, ನಿಮ್ಮದು ಕೇಳಿದ್ದಾಯ್ತು. ಏಳಿ, ಮನೆಗೆ ನಡೀರಿ. ನಿಮ್ಮ ಮನೆ ಕದ ಸದ್ದು ಮಾಡ್ತದೋ ಇಲ್ವೋ, ನಾನಂತೂ ಕೇಳಲ್ಲ.